ತೊಯೊಹಾಶಿಯಲ್ಲಿ ಮುಚ್ಚದ ಬಾಗಿಲು

ರಾಮನಗರ

ನಮ್ಮನ್ನು ಜಪಾನಿಗೆ ಯಾರೂ ಕರೆದಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೋಗಿಬಂದ ಮೇಲೆ ನೆಂಟರೆಲ್ಲ "ಜಪಾನಿನವರೇ ಕರೆಸಿಕೊಂಡಿದ್ದರಂತೆ" ಎಂದು ಹೇಳಿಕೊಂಡು ತಿರುಗುತ್ತಿದ್ದಾರೆ. ಕರೆಸಿಕೊಂಡಿರಲಿಲ್ಲ. ಬರುವ ಅಗತ್ಯವಿಲ್ಲ ಎಂದು ಎರಡು ಸಲ ಬರೆದಿದ್ದರು, ಬಹಳ ವಿನಯವಾಗಿ. ಆದರೂ ಹೋದೆವು.

ನನ್ನದು ರಾಮನಗರದಲ್ಲಿ ಒಂದು ಸಣ್ಣ ರಬ್ಬರ್ ಶೆಡ್ಡು. ಬಿಡದಿಯ ಒಂದು ಕಾರ್ಖಾನೆಯಲ್ಲಿ ಹದಿನಾರು ವರ್ಷ ಪ್ರೆಸ್ ನಡೆಸಿದವಳು ನಾನು. ಅದು ಮುಚ್ಚಿದಾಗ ಅಲ್ಲಿನ ಎರಡು ಹಳೇ ಪ್ರೆಸ್ಸು ಮತ್ತು ರಬ್ಬರನ್ನು ಚಕ್ಕುಲಿಯ ಹಾಗೆ ಉದ್ದಕ್ಕೆ ಒತ್ತಿ ಬಿಡುವ ಒಂದು ಮಿಷನ್ನು ಕೊಂಡು, ಹಿಂದೆ ರೇಷ್ಮೆ ನೂಲು ತೆಗೆಯುತ್ತಿದ್ದ ಶೆಡ್ಡೊಂದರಲ್ಲಿ ಇಟ್ಟೆ. ನಾಲ್ಕು ಜನ ಹೆಂಗಸರು ನನ್ನ ಜೊತೆ ಕೆಲಸ ಮಾಡುತ್ತಾರೆ. ಚಕ್ಕುಲಿಗೆ ಬಿಲ್ಲೆ ಇದ್ದ ಹಾಗೆ ರಬ್ಬರಿಗೆ ಡೈ ಬೇಕು. ಅದನ್ನು ಕೊರೆದುಕೊಡುವವರು ರಹಮತ್ ಭಾಯ್. ಅರವತ್ತೆರಡು ವರ್ಷ. ನೂಲು ತೆಗೆಯುವವರ ಮನೆತನ, ಆದರೆ ಅವರ ಕೈಗೆ ಒಲಿದದ್ದು ಕಬ್ಬಿಣ.

ನಾವು ಮಾಡುವುದು ಕಾರಿನ ಬಾಗಿಲ ಸುತ್ತ ಕೂರುವ ಕಪ್ಪು ಬೀಡಿಂಗು. ಹೊಸ ಕಾರಿನದಲ್ಲ. ಐವತ್ತು ವರ್ಷದ ಹಿಂದೆ ಜಪಾನಿನಲ್ಲಿ ತಯಾರಾದ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರುಗಳದು. ಅವನ್ನು ಮಕ್ಕಳ ಹಾಗೆ ಸಾಕುವವರು ಲೋಕದಲ್ಲೆಲ್ಲ ಇದ್ದಾರೆ. ಎಂಜಿನ್ನು ಸಿಕ್ಕೀತು, ಬೀಡಿಂಗ್ ಸಿಗುವುದಿಲ್ಲ. ಮಾಡಿದವರು ಮಾಡುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ಹತ್ತು ಕಾರಿಗಾಗುವಷ್ಟು ಮಾಡಿಕೊಡಿ ಎಂದು ಕೇಳಿದರೆ ದೊಡ್ಡ ಕಾರ್ಖಾನೆಗಳು ನಗುತ್ತವೆ. ಬೆಂಗಳೂರಿನ ಒಬ್ಬರು ಅಂಥದೊಂದು ಕಾರನ್ನು ರಿಪೇರಿ ಮಾಡಿಸುತ್ತ ನನ್ನ ಶೆಡ್ಡು ಹುಡುಕಿಕೊಂಡು ಬಂದರು. ಅವರ ಕಾರಿನ ಫೋಟೋ ನೋಡಿ ತೊಯೊಹಾಶಿ ಎಂಬ ಊರಿನ ಗ್ಯಾರೇಜಿನವರು ಬರೆದರು. ಅವರ ಹೆಸರು ಮೊರಿತಾ. ಒಂದು ಮೊಳ ಹಳೇ ರಬ್ಬರನ್ನು ನಮೂನೆಗೆಂದು ಕಳಿಸಿದರು. ಒಣಗಿದ ನುಗ್ಗೆಕಾಯಿಯ ಹಾಗೆ ಸೆಟೆದುಕೊಂಡಿತ್ತು. ಹಳೇ ರಬ್ಬರು ಕುಗ್ಗಿರುತ್ತದೆ, ಅದರ ಅಳತೆ ನಂಬುವ ಹಾಗಿಲ್ಲ. ಅದು ಕೂರುವ ತಗಡಿನ ಅಳತೆ ತರಿಸಿಕೊಂಡು ಲೆಕ್ಕ ಕಟ್ಟಿದೆವು. ಭಾಯ್ ನಾಲ್ಕು ಸಲ ಡೈ ಕೊರೆದರು. ಹತ್ತು ಜೊತೆ ಮಾಡಿ ಕಳಿಸಿದೆವು.

ಒಂದು ತಿಂಗಳಿಗೆ ಪತ್ರ ಬಂತು. ಕಾರಿಗೆ ಹಾಕಿ ನೋಡಿದೆವು, ಎಡಬಾಗಿಲು ಮುಚ್ಚುತ್ತದೆ, ಬಲಬಾಗಿಲು ಮುಚ್ಚುವುದಿಲ್ಲ. ಬಲಗಡೆಯ ಬೀಡಿಂಗ್ ದಪ್ಪವಾಗಿದೆ. ಹತ್ತನ್ನೂ ಹಿಂದಕ್ಕೆ ಕಳಿಸುತ್ತೇವೆ. ತಪ್ಪು ನಿಮ್ಮದೇ ಎಂದು ಒಪ್ಪಿಕೊಂಡು ಇದರ ಜೊತೆಗಿರುವ ಕಾಗದಕ್ಕೆ ಸಹಿ ಮಾಡಿ.

ಎಡಕ್ಕೂ ಬಲಕ್ಕೂ ಒಂದೇ ಡೈ. ಒಂದೇ ದಿನ ಒತ್ತಿದ್ದು, ಒಂದೇ ಉದ್ದದಿಂದ ಕತ್ತರಿಸಿದ್ದು. ಮೂಲೆಗಳು ಮಾತ್ರ ಬೇರೆ ಬೇರೆ. ಬಲಗಡೆಯದು ಮಾತ್ರ ದಪ್ಪವಾಗುವುದು ಹೇಗೆ? ಇದನ್ನು ಬರೆದೆ. ಮತ್ತೆ ಅದೇ ಕಾಗದ ಬಂತು, ಸಹಿಯ ಜಾಗಕ್ಕೆ ಗುರುತು ಹಾಕಿ.

ಅಕ್ಕೂರಿನಿಂದ ನನ್ನ ಅಣ್ಣ ಸಿದ್ದರಾಜು ಬಂದು ಕೂತ. "ಅವ್ರು ಕಾರ್ ಮಾಡೋದ್ರಲ್ಲಿ ಲೋಕಕ್ಕೇ ಹೆಸ್ರು ತಗೊಂಡೋರು ಕಣವ್ವ. ಅವ್ರಿಗೆ ನೀನು ರಬ್ಬರ್ ಪಾಠ ಹೇಳಾಕೆ ಹೊಂಟಿದ್ದೀಯಾ?"

"ಹೂಂ ಕಣಣ್ಣ. ಹೊಂಟಿವ್ನಿ."

"ಒಂದು ಸೈನ್ ತಾನೆ? ಹಾಕ್ಬುಟ್ಟು ಸುಮ್ಕಿರು."

ಸಹಿ ಹಾಕಿದರೆ ಆ ಕಾಗದ ಮೊರಿತಾರ ಡ್ರಾಯರಿನಲ್ಲಿ ಸುಮ್ಮನೆ ಕೂರುವುದಿಲ್ಲ. ಹಳೇ ಕಾರು ಸಾಕುವವರದು ಒಂದು ಊರಿದ್ದ ಹಾಗೆ, ಒಂದು ಮನೆಯ ಮಾತು ಬೆಳಗಾಗುವಷ್ಟರಲ್ಲಿ ಊರೆಲ್ಲ ಸುತ್ತುತ್ತದೆ. ರಾಮನಗರದ ಹೆಂಗಸರು ಮಾಡಿದ ರಬ್ಬರು, ಬಾಗಿಲು ಮುಚ್ಚುವುದಿಲ್ಲವಂತೆ. ಅಲ್ಲಿಗೆ ನಮ್ಮ ಕೆಲಸ ಮುಗಿದ ಹಾಗೆ.

ಒಬ್ಬಳೇ ಹೋಗುತ್ತೇನೆ ಎಂದುಕೊಂಡಿದ್ದೆ. ರಹಮತ್ ಭಾಯ್ ಕೇಳಲಿಲ್ಲ. "ಅರೆ ಜಯಮ್ಮ, ಮಾತು ಬಂದಿರೋದು ನನ್ ಡೈ ಮ್ಯಾಲೆ. ನಾನು ಮನೇಲಿ ಕುಂತಿರಾಕಾಯ್ತದಾ?" ಎಂದು, ಪಾಸ್‌ಪೋರ್ಟಿಗೆ ಫೋಟೋ ತೆಗೆಸಿಕೊಂಡೇ ಬಂದರು.

ನಗೋಯಾ ವಿಮಾನ ನಿಲ್ದಾಣ

ಸಿಂಗಪುರದಲ್ಲಿ ವಿಮಾನ ಬದಲಿಸಿ ಬೆಳಗ್ಗೆ ನಗೋಯಾದಲ್ಲಿ ಇಳಿದೆವು. ನನ್ನ ಪೆಟ್ಟಿಗೆಯಲ್ಲಿ ಎರಡು ಸೀರೆ, ಎರಡು ಚೂಡಿದಾರ, ಚಟ್ನಿಪುಡಿ, ನಿಪ್ಪಟ್ಟು. ಉಳಿದದ್ದೆಲ್ಲ ರಬ್ಬರು, ಹೋಲಿಸಿ ತೋರಿಸಲೆಂದು ಅದೇ ಡೈಯಲ್ಲಿ ಒತ್ತಿದ್ದು. ತಪಾಸಣೆಯ ಹುಡುಗಿ ಬಿಳೀ ಕೈಗವಸು ಹಾಕಿಕೊಂಡು ಪೆಟ್ಟಿಗೆ ತೆರೆದಳು. ಕೇರೆಹಾವುಗಳು ಸುರುಳಿ ಸುತ್ತಿ ಮಲಗಿದ್ದಂತೆ ಇತ್ತು ಒಳಗೆ. ಗಂಧಕದ ವಾಸನೆ ಗಪ್ಪೆಂದು ಎದ್ದಿತು. ಪಕ್ಕದ ಸಾಲಿನವರೂ ತಿರುಗಿ ನೋಡಿದರು.

ಏನಿದು ಎಂದು ಅವಳು ಕೈಯಲ್ಲೇ ಕೇಳಿದಳು. ಭಾಯ್ ಇಲ್ಲದ ಕಾರಿನ ಬಾಗಿಲನ್ನು ತೆರೆದು, ಒಳಗೆ ಕೂತು, ಬಾಗಿಲೆಳೆದುಕೊಂಡು ಬಾಯಲ್ಲಿ "ಧಪ್" ಎಂದರು. ಅವಳಿಗೆ ಇನ್ನೂ ಗಾಬರಿಯಾಯಿತು. ನಾನು ಫೋನಿನಲ್ಲಿದ್ದ ಕಾರಿನ ಚಿತ್ರ ತೋರಿಸಿದೆ. ಆಗ ಅವಳ ಮುಖವೇ ಬೇರೆಯಾಯಿತು. ಏನೇನೋ ಹೇಳಿದಳು, ನಡುವೆ ತನ್ನ ಎದೆ ಮುಟ್ಟಿಕೊಂಡಳು. ಅವಳ ಅಪ್ಪನೋ ತಾತನೋ ಅಂಥ ಕಾರು ಓಡಿಸುತ್ತಿದ್ದರು ಎಂದು ನಾನು ಅರ್ಥ ಮಾಡಿಕೊಂಡೆ. ಬೇರೇನಾದರೂ ಇದ್ದೀತು. ಎಲ್ಲ ಸುರುಳಿಗಳನ್ನೂ ನಾನು ಇಟ್ಟಿದ್ದಕ್ಕಿಂತ ಓರಣವಾಗಿ ಮತ್ತೆ ಸುತ್ತಿಟ್ಟು, ನನಗೇ ತಲೆಬಾಗಿಸಿ ಕಳಿಸಿದಳು. ನಮ್ಮಲ್ಲಿ ಪೆಟ್ಟಿಗೆ ತೆರೆದವರು ಮುಚ್ಚುವ ಕೆಲಸ ನಮಗೇ ಬಿಡುತ್ತಾರೆ.

ತೊಯೊಹಾಶಿಗೆ ರೈಲಿನಲ್ಲಿ ಹೋಗಬೇಕು. ಹತ್ತಿದ ಕೂಡಲೆ ಭಾಯ್ ಮನೆಗೆ ವಿಡಿಯೋ ಕಾಲ್ ಮಾಡಿ, ರೈಲಿನ ಸೀಟು, ಕಿಟಕಿ, ಎದುರಿಗೆ ಕೂತವರು, ಎಲ್ಲವನ್ನೂ ಹೆಂಡತಿಗೆ ತೋರಿಸಿದರು. ಅವರ ದನಿ ಲೇತು ಯಂತ್ರದ ಸದ್ದಿನಲ್ಲಿ ಬೆಳೆದದ್ದು. ಯಾರೂ ಒಂದು ಮಾತೂ ಆಡಲಿಲ್ಲ. ಇಡೀ ಬೋಗಿಯೇ ನೆಲ ನೋಡುತ್ತ ಕೂತಿತ್ತು. ಚನ್ನಪಟ್ಟಣದಿಂದ ಬೆಂಗಳೂರಿಗೆ ಹೋಗುವ ನಮ್ಮ ಬೆಳಗಿನ ರೈಲಾಗಿದ್ದರೆ ಇಷ್ಟು ಹೊತ್ತಿಗೆ ನಾಲ್ಕು ಜನ ಫೋನಿನೊಳಗೆ ಇಣುಕಿ ಭಾಯಿಯ ಹೆಂಡತಿಯನ್ನು "ಊಟ ಆಯ್ತಾ" ಎಂದು ವಿಚಾರಿಸಿರುತ್ತಿದ್ದರು. ಮೂರನೇ ಸ್ಟೇಷನ್ನಿಗೆ ಭಾಯಿಗೇ ಏನೋ ಅನಿಸಿ ಫೋನು ಜೇಬಿಗೆ ಹಾಕಿದರು. "ಯಾಕಮ್ಮ, ಯಾರಾದ್ರು ತೀರ್‌ಹೋಗವ್ರಾ ಈ ಬೋಗೀಲಿ?" ಎಂದು ಪಿಸುಗುಟ್ಟಿದರು.

ತೊಯೊಹಾಶಿ, ಮೊದಲ ದಿನ

ಬೀದಿಯಲ್ಲಿ ಟ್ರಾಮು ಓಡುವ ಊರು ಅದು. ಸ್ಟೇಷನ್ನಿನ ಮುಂದೆ ಟ್ಯಾಕ್ಸಿಯ ಬಳಿ ಹೋದರೆ ಬಾಗಿಲು ತಾನೇ ತೆರೆದುಕೊಂಡಿತು. ಚಾಲಕ ಒಳಗಿಂದಲೇ ತೆರೆಯುತ್ತಾನೆ, ಅವನೇ ಮುಚ್ಚುತ್ತಾನೆ. ನನಗೆ ಗೊತ್ತಿಲ್ಲ. ಮಾಗಡಿ ರಸ್ತೆಯ ಟೆಂಪೋ ಬಾಗಿಲು ಎಳೆಯುವ ಅಭ್ಯಾಸದ ಕೈ, ಬಲವಾಗಿ ಎಳೆದು ಬಡಿದೆ. ಬಿಳೀ ಟೋಪಿಯ ಆ ಚಾಲಕನ ಬೆನ್ನು ನೆಟ್ಟಗಾಯಿತು. ಇಳಿಯುವಾಗ ಅವನು ಬಾಗಿಲು ತೆರೆದುಕೊಟ್ಟಾಗ, ಅಭ್ಯಾಸಬಲ ನೋಡಿ, ಬಗ್ಗಿ ಆ ಬಾಗಿಲ ಬೀಡಿಂಗನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಒಳ್ಳೆಯ ರಬ್ಬರು. ಚಾಲಕ ಇಳಿದು ಬಂದು, ನಾನು ಮುಟ್ಟಿದ ಜಾಗವನ್ನು ಒಂದು ಬಟ್ಟೆಯಿಂದ ಒರೆಸಿ, ನಮಗೆ ನಮಸ್ಕರಿಸಿ ಹೊರಟುಹೋದ.

ಮೊರಿತಾರ ಗ್ಯಾರೇಜಿನ ಗೋಡೆಯಲ್ಲಿ ಒಂದೊಂದು ಸ್ಪ್ಯಾನರಿಗೂ ಅದರದೇ ಆಕಾರದ ಗುರುತು ಬರೆದು ನೇತು ಹಾಕಿದ್ದರು. ನೆಲದ ಮೇಲೆ ಅನ್ನ ಹಾಕಿಕೊಂಡು ಉಣ್ಣಬಹುದು. ಐವತ್ತೈದರ ಸಣಕಲು ಮನುಷ್ಯ ಮೊರಿತಾ. ನಾವು ಒಳಗೆ ಕಾಲಿಟ್ಟಾಗಿನಿಂದ ಕ್ಷಮೆ ಕೇಳತೊಡಗಿದರು. ದೂರದಿಂದ ಬಂದದ್ದಕ್ಕೆ, ಚಹಾ ಬಿಸಿ ಹೆಚ್ಚಾದದ್ದಕ್ಕೆ, ಹೊರಗೆ ಮೋಡ ಕವಿದದ್ದಕ್ಕೂ ಕ್ಷಮೆ. ನಮ್ಮ ಸೀಮೆಯಲ್ಲಿ ಕಾಲು ತುಳಿದವನೂ "ಒಸಿ ನೋಡ್ಕೊಂಡು ನಿಂತ್ಕೊಳಾಕಾಗಲ್ವಾ" ಎಂದು ತುಳಿಸಿಕೊಂಡವನನ್ನೇ ಬಯ್ಯುತ್ತಾನೆ. ಇಷ್ಟೊಂದು ಕ್ಷಮೆ ನನಗೆ ದಿಕ್ಕು ತಪ್ಪಿಸಿತು.

ಮಾತಿಗೆ ಒಂದು ದಾರಿ ಸಿಕ್ಕಿತು. ಮೊರಿತಾರ ಮೆಕ್ಯಾನಿಕ್ಕು ಬಿನೋದ್ ನೇಪಾಳದವನು. ನಲವತ್ತರ ಆಸುಪಾಸು, ಹನ್ನೊಂದು ವರ್ಷದಿಂದ ಅಲ್ಲಿದ್ದಾನೆ. ಜಪಾನಿಯಿಂದ ಹಿಂದಿಗೆ ಅವನು ತರುತ್ತಿದ್ದ, ಹಿಂದಿಯಿಂದ ಕನ್ನಡಕ್ಕೆ ಭಾಯ್. ಶಾಲೆಯಲ್ಲಿ ಕಲಿತ ನನ್ನ ಹಿಂದಿ ನಿಧಾನವಾಗಿ ಓದುವುದಕ್ಕಾದೀತು, ಮಾತಿಗೆ ಸಾಲದು. ಮೊರಿತಾ ಎರಡು ನಿಮಿಷ ಆಡಿದ್ದು ನನಗೆ ತಲುಪುವ ಹೊತ್ತಿಗೆ "ಬೇಜಾರ್ ಮಾಡ್ಕೊಂಡವ್ರೆ" ಎಂದಷ್ಟೇ ಆಗಿರುತ್ತಿತ್ತು.

ಕಾರು ನಡುಮಧ್ಯದಲ್ಲಿ ನಿಂತಿತ್ತು. ಕಡು ಹಸಿರು ಬಣ್ಣ, ಉದ್ದ ಮೂಗು, ನೆಲಕ್ಕೆ ತಾಗುವಷ್ಟು ತಗ್ಗು. ಚಿತ್ರದಲ್ಲಿ ನೂರು ಸಲ ನೋಡಿದ್ದೆ. ಎದುರಿಗೆ ಕಂಡಾಗ ಅದರ ಸುತ್ತ ಒಂದು ಸುತ್ತು ಬಂದೆ. ಅದರ ಬಾಗಿಲ ಸುತ್ತ ಇದ್ದದ್ದು ನಮ್ಮ ಶೆಡ್ಡಿನ ರಬ್ಬರು. ಮೊರಿತಾ ಎಡಬಾಗಿಲು ಮುಚ್ಚಿದರು. ಮೆತ್ತಗೆ, ಪುಸ್ತಕ ಮುಚ್ಚಿದ ಹಾಗೆ ಕೂತಿತು. ಬಲಕ್ಕೆ ಬಂದು ಚಾಲಕನ ಬಾಗಿಲು ಮುಚ್ಚಿದರು. ಅದು ಪುಟಿದು ವಾಪಸ್ಸು ಬಂತು. ಜೋರಾಗಿ ಮುಚ್ಚಿದರು. ಮತ್ತೆ ವಾಪಸ್ಸು. ಮೊರಿತಾ ನನ್ನ ಕಡೆ ನೋಡಿ ಕ್ಷಮೆ ಕೇಳಿದರು. ಆಮೇಲೆ ಒಂದು ಫೈಲು ತೆರೆದು, ಅದೇ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಇಟ್ಟರು. ಪಕ್ಕದಲ್ಲಿ ಪೆನ್ನು.

"ಅಳತೆ ನೋಡದೆ ನಾನು ಮುಟ್ಟಕಿಲ್ಲ ಅಂತ ಹೇಳಿ ಭಾಯ್," ಎಂದೆ.

ಭಾಯ್ ಹೇಳಿದರು. ಬಿನೋದ್ ಹೇಳಿದ. ಮೊರಿತಾ ಪೆನ್ನನ್ನು ಜೇಬಿಗೆ ಹಾಕಿಕೊಂಡು, ನಾಳೆ ಬನ್ನಿ ಎಂದರು.

ಎರಡನೇ ದಿನ, ಜೇಡಿ ಹುಡುಕುತ್ತ

ಬಾಗಿಲು ಮುಚ್ಚಿದಾಗ ಬಾಗಿಲಿಗೂ ಚೌಕಟ್ಟಿಗೂ ನಡುವೆ ಎಷ್ಟು ಸಂದು ಉಳಿಯುತ್ತದೆ ಎಂದು ಹೊರಗಿನಿಂದ ಕಾಣುವುದಿಲ್ಲ. ಬೀಡಿಂಗ್ ಬಿಚ್ಚಿ, ಆ ಜಾಗದಲ್ಲಿ ಮೆತ್ತನೆಯ ಜೇಡಿಯ ಉಂಡೆಗಳನ್ನಿಟ್ಟು, ಬಾಗಿಲು ಮುಚ್ಚಿ ತೆರೆಯಬೇಕು. ಉಂಡೆ ಎಷ್ಟು ದಪ್ಪಕ್ಕೆ ಚಪ್ಪಟೆಯಾಗಿದೆಯೋ ಅಷ್ಟು ಸಂದು. ಬಿಡದಿಯಲ್ಲಿ ಕಲಿತದ್ದು. ಜೇಡಿ ತರಲು ಬೆಳಗ್ಗೆಯೇ ಒಂದು ದೊಡ್ಡ ಅಂಗಡಿಗೆ ಹೋದೆವು. ಮಕ್ಕಳು ಆಡುವ ಬಣ್ಣದ ಜೇಡಿ ಸಾಕಿತ್ತು. ಅದನ್ನು ಕೇಳುವುದು ಹೇಗೆ? ಮುದ್ದೆ ಕಟ್ಟುವ ಹಾಗೆ ಎರಡು ಅಂಗೈ ಸೇರಿಸಿ ತಿರುಗಿಸಿ ತೋರಿಸಿದೆ. ಅಂಗಡಿಯಾಕೆಗೆ ತಕ್ಷಣ ಅರ್ಥವಾಯಿತು. ಸರಸರನೆ ಕರೆದುಕೊಂಡು ಹೋಗಿ ಅನ್ನದ ಉಂಡೆ ಕಟ್ಟುವ ಪ್ಲಾಸ್ಟಿಕ್ ಅಚ್ಚುಗಳ ಮುಂದೆ ನಿಲ್ಲಿಸಿದಳು. ಅಲ್ಲ ಎಂದೆ. ಅಕ್ಕಿಯ ಮುಂದೆ ನಿಲ್ಲಿಸಿದಳು. ಅಲ್ಲ ಎಂದೆ. ಕೈ ತೊಳೆಯುವ ಸೋಪಿನ ಮುಂದೆ ನಿಲ್ಲಿಸಿದಳು.

ಭಾಯ್ ನನ್ನನ್ನು ಪಕ್ಕಕ್ಕೆ ಸರಿಸಿದರು. "ನಿಂದು ಬರೀ ಮುದ್ದೆ ಯೋಚ್ನೆ." ಗಾಳಿಯಲ್ಲಿ ಉಂಡೆ ಮಾಡಿ, ಸೊಂಡಿಲು ಎಳೆದು, ಕಿವಿ ಎರಡು ಅಂಟಿಸಿ, ಆನೆಯನ್ನು ನೆಲಕ್ಕಿಳಿಸಿ ಘೀಳಿಟ್ಟರು. ಆಕೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕು, ನಾಲ್ಕು ಡಬ್ಬಿ ಜೇಡಿ ತಂದುಕೊಟ್ಟಳು.

ಅದೇ ದಿನ, ಗ್ಯಾರೇಜಿನಲ್ಲಿ

ಉಂಡೆಗಳಿಗೆ ತೆಳು ಪ್ಲಾಸ್ಟಿಕ್ ಸುತ್ತಿ ಮೊದಲು ಎಡಬಾಗಿಲ ಸುತ್ತ ಇಟ್ಟೆ. ಮುಚ್ಚಿ ತೆರೆದೆವು. ಭಾಯ್ ತಮ್ಮ ವರ್ನಿಯರ್ ಹಿಡಿದು ಒಂದೊಂದನ್ನೇ ಅಳೆದರು. ಎಲ್ಲ ಕಡೆ ಒಂದೇ ದಪ್ಪ, ಕೂದಲೆಳೆಯ ವ್ಯತ್ಯಾಸ. ಬಲಕ್ಕೆ ಬಂದೆವು. ಕೆಳಗಿನ ಉಂಡೆಗಳು ದಪ್ಪಗೆ ಉಳಿದವು. ಮೇಲೆ ಹಿಂದಿನ ಮೂಲೆಯ ಉಂಡೆ ಹಪ್ಪಳವಾಗಿತ್ತು. ಅಳೆದರೆ ಇರಬೇಕಾದ ಅರ್ಧವೂ ಇಲ್ಲ. ಅಷ್ಟು ಸಂದಿನಲ್ಲಿ ಲೋಕದ ಯಾವ ಬೀಡಿಂಗೂ ಹಿಡಿಸದು.

"ರಬ್ಬರಲ್ಲ ಜಯಮ್ಮ," ಎಂದರು ಭಾಯ್, ಗೆದ್ದ ದನಿಯಲ್ಲಲ್ಲ, ಸಾವು ಕಂಡವರ ದನಿಯಲ್ಲಿ. "ಕಾರೇ ವಾರೆ ಐತೆ. ಬಾಗ್ಲ ಹಿಂದಿನ್ ಕಂಬ ಬುಡ್ದಲ್ಲಿ ಒಳಕ್ಕೋಗಿ, ಮ್ಯಾಲೆ ಹೊರಕ್ಕೆ ವಾಲ್ಬುಟ್ಟೈತೆ."

ಜೇಬಿನಿಂದ ಒಂದು ಸಣ್ಣ ಆಯಸ್ಕಾಂತ ತೆಗೆದರು. ಎಡಗಡೆ ಬಾಗಿಲ ಹಿಂದಿನ ಕಂಬಕ್ಕೆ ಹಿಡಿದರು, ಟಕ್ಕೆಂದು ಕಚ್ಚಿತು. ಬಲಗಡೆಯ ಕಂಬಕ್ಕೆ ಹಿಡಿದು ಕೈ ಬಿಟ್ಟರು. ಆಯಸ್ಕಾಂತ ಜಾರಿ ನೆಲಕ್ಕೆ ಬಿತ್ತು. ಎತ್ತಿ ಇನ್ನೊಂದು ಕಡೆ ಇಟ್ಟರು. ಮತ್ತೆ ಬಿತ್ತು. ಹೊಳೆಯುವ ಹಸಿರು ಬಣ್ಣದ ಕೆಳಗೆ ಅಲ್ಲಿ ಕಬ್ಬಿಣದ ಮೇಲೆ ಬೆರಳು ದಪ್ಪ ಪುಟ್ಟಿ ಮೆತ್ತಿತ್ತು. ಯಾವಾಗಲೋ ಈ ಕಾರಿಗೆ ಪಕ್ಕದಿಂದ ಯಾರೋ ಗುದ್ದಿದ್ದಾರೆ. ಯಾರೋ ಅರೆಬರೆ ಎಳೆದು ಸರಿ ಮಾಡಿ, ಪುಟ್ಟಿ ಮೆತ್ತಿ, ಬಣ್ಣ ಹೊಡೆದಿದ್ದಾರೆ.

ಬಿನೋದ್ ಹಿಂದಿನ ಕಪಾಟಿಗೆ ಹೋದ. ಬರುವಾಗ ಅವನ ಕೈಯಲ್ಲಿ ಆ ಬಾಗಿಲಿಂದ ಅವನೇ ಬಿಚ್ಚಿದ್ದ ಹಳೇ ಬೀಡಿಂಗಿನ ತುಂಡು ಇತ್ತು. ಯಾರೂ ತಾ ಎಂದಿರಲಿಲ್ಲ. ಅದನ್ನು ಯಜಮಾನರ ಮುಂದೆ ಮೇಜಿನ ಮೇಲಿಟ್ಟು, ಮೇಲಿನ ಮೂಲೆಯನ್ನು ಬೆರಳಿನಿಂದ ತೋರಿಸಿದ. ಆ ಜಾಗದಲ್ಲಿ ಯಾರೋ ಬ್ಲೇಡಿನಿಂದ ರಬ್ಬರನ್ನು ಕೆತ್ತಿ ತೆಳ್ಳಗೆ ಮಾಡಿದ್ದರು. ಆಗ ಬಾಗಿಲು ಮುಚ್ಚುತ್ತಿದ್ದದ್ದು ಹಾಗೆ.

ಮೊರಿತಾ ಬಿಳಿಚಿಕೊಂಡರು. ಅವರು ಮೋಸಗಾರರಲ್ಲ ಎಂದು ನನಗೆ ಆಗಲೇ ಗೊತ್ತಾಯಿತು. ಬಿನೋದ್ ತಿಳಿಸಿದ ಹಾಗೆ, ಹಳೇ ಕಾರುಗಳ ಹರಾಜಿನಲ್ಲಿ ಕೊಟ್ಟ ಕಾಗದ ನಂಬಿ ಕಾರು ತಂದಿದ್ದರು. ಅಪಘಾತ ಕಾಣದ ಕಾರು ಎಂದು ತಮ್ಮ ಬಾಯಲ್ಲೇ ಹೇಳಿ, ಓಕಾವಾ ಎಂಬ ವೃದ್ಧರಿಗೆ ಮಾರಿದ್ದರು. ಓಕಾವಾ ಮರುದಿನ ಬರುವವರಿದ್ದರು.

ಚಹಾ ಬಂತು. ಮೊರಿತಾ ಬಹಳ ಮೆಲ್ಲಗೆ ಮಾತಾಡಿದರು. ಬಿನೋದ್ ಅದನ್ನು ಹಿಂದಿಗೆ ತರುವಾಗ ನೆಲ ನೋಡುತ್ತಿದ್ದ. ಭಾಯ್ ನನಗೆ ಹೇಳಿದರು: "ಕಂಬನೂ ಒಸಿ ತಪ್ಪು, ರಬ್ಬರೂ ಒಸಿ ತಪ್ಪು ಅಂತ ಬರ್ಕೊಡಿ ಅಂತಾವ್ರೆ. ತೆಳ್ಳಗಿಂದು ಒಂದು ಮಾಡ್ಕೊಟ್ಬುಡಿ, ಬಾಗ್ಲು ಮುಚ್ಕಂತದೆ. ಓಕಾವಾ ಅವ್ರಿಗೆ ಏನೂ ಗೊತ್ತಾಗಕಿಲ್ಲ. ಇನ್ನೂ ಐದು ಥರದ ಕಾರಿಂದು ಆರ್ಡರು ನಮ್ಗೇ ಕೊಡ್ತಾರಂತೆ."

ಭಾಯ್ ಅಲ್ಲಿಗೆ ನಿಲ್ಲಿಸಿ, ತಮ್ಮ ಮಾತು ಸೇರಿಸಿದರು. "ನೋಡಮ್ಮ, ಐದು ಡೈ ಅಂದ್ರೆ ನನ್ಗೆ ಒಂದು ವರ್ಷದ ಕೆಲ್ಸ. ನಾನು ಸುಳ್ಳು ಹೇಳಕಿಲ್ಲ, ಆಸೆ ಆಯ್ತಾ ಐತೆ."

ನನಗೂ ಆಯಿತು. ನಾಲ್ಕು ಜನ ಹೆಂಗಸರ ಮುಖ ಕಣ್ಣ ಮುಂದೆ ಬಂತು. ಹಾಗೆಯೇ, ಓಕಾವಾ ಎಂಬ ಕಾಣದ ಮನುಷ್ಯ ಆ ವಾಲಿದ ಕಂಬಕ್ಕೆ ತಲೆ ಆನಿಸಿಕೊಂಡು ಕಾರು ಓಡಿಸುವುದೂ ಕಂಡಿತು.

"ನೀವು ಹೇಳಿ ಭಾಯ್. ಡೈ ನಿಮ್ದು. ದಪ್ಪ ಇತ್ತಾ?"

"ತೋಬಾ! ಒಂದು ನೂಲೂ ದಪ್ಪ ಇರ್ಲಿಲ್ಲ."

"ಹಂಗಾದ್ರೆ ಸೈನ್ ಹಾಕಕಿಲ್ಲ ಅಂತ ಹೇಳಿ. ಒಸಿನೂ ಇಲ್ಲ, ಅರ್ಧನೂ ಇಲ್ಲ. ಓಕಾವಾ ಅವ್ರಿಗೆ ಏನು ಹೇಳ್ಬೇಕೋ ಅದು ಅವ್ರಿಗೆ ಬುಟ್ಟಿದ್ದು. ನನ್ನ ಕೇಳಿದ್ರೆ ಮಾತ್ರ ಇದ್ದದ್ದೇ ಹೇಳೋದು."

ಭಾಯ್ ಚಹಾದ ಲೋಟ ಕೆಳಗಿಟ್ಟರು. ಆಮೇಲೆ ಹಿಂದಿಯಲ್ಲಿ ಹೇಳಿದ ರೀತಿ ನಾನು ಹೇಳಿದ್ದಕ್ಕಿಂತ ಗಟ್ಟಿಯಾಗಿತ್ತು. ಮೊರಿತಾ ತಲೆಬಾಗಿಸಿದರು. ಅದು ಒಪ್ಪಿಗೆಯೋ ಸಿಟ್ಟೋ ತಿಳಿಯಲಿಲ್ಲ. ಕಾಗದವನ್ನು ಫೈಲಿಗೆ ಹಾಕಿ ಎದ್ದುಹೋದರು.

ಹೊರಡುವ ಮೊದಲು, ನಾವು ಕಳಿಸಿದ್ದ ಉಳಿದ ಒಂಬತ್ತು ಪೆಟ್ಟಿಗೆಗಳನ್ನು ತೆರೆದು ನೋಡುತ್ತೇನೆ ಎಂದೆ. ನಮ್ಮ ಮಾಲು ಸರಿ ಎಂದು ಜಂಬದಿಂದಲೇ ತೆರೆದೆ. ಎರಡು ಪೆಟ್ಟಿಗೆಗಳಲ್ಲಿ ಮೂಲೆಯ ಬೆಸುಗೆ ಉಗುರು ಹಾಕಿದರೆ ಏಳುತ್ತಿತ್ತು.

ನೋಡಿದ ಕೂಡಲೇ ನನಗೆ ಆ ದಿನ ನೆನಪಾಯಿತು. ಮೂಲೆ ಬೆಸೆಯುವಾಗ ಕರೆಂಟು ಹೋಗಿತ್ತು. ಪ್ರೆಸ್ಸಿನ ಕಾವು ಇಳಿದಿತ್ತು. ಪ್ರೆಸ್ ನಡೆಸುತ್ತಿದ್ದ ಮಂಜುಳ "ಅಕ್ಕ, ಇವೆರಡು ಸರಿಯಾಗಿ ಬೆಂದಿಲ್ಲ ಅನ್ಸುತ್ತೆ" ಎಂದಿದ್ದಳು. "ನಡೀತದೆ ಬುಡು" ಎಂದವಳು ನಾನು.

ಮೊರಿತಾ ಇದನ್ನು ಗಮನಿಸಿರಲೇ ಇಲ್ಲ. ಪೆಟ್ಟಿಗೆ ಮುಚ್ಚಿದ್ದರೆ ಮುಗಿದಿತ್ತು. ಭಾಯ್ ನನ್ನ ಮುಖ ನೋಡಿ ಮೆಲ್ಲಗೆ ಕೇಳಿದರು, "ಏನಮ್ಮ?" ನಾನು ಎರಡು ಜೊತೆಯನ್ನೂ ಹೊರಗೆ ತೆಗೆದು, ಮೊರಿತಾರನ್ನು ಕರೆಸಿ, ಅವರೆದುರಿಗೇ ಮೂಲೆಯನ್ನು ಕೈಯಲ್ಲಿ ಹರಿದು ತೋರಿಸಿದೆ. ಒಂದು ಬಿಳೀ ಹಾಳೆ ಕೇಳಿ ತೆಗೆದುಕೊಂಡು ಕನ್ನಡದಲ್ಲೇ ಬರೆದೆ: ಈ ಎರಡು ಜೊತೆಯ ಮೂಲೆ ಕೆಟ್ಟಿವೆ. ಗೊತ್ತಿದ್ದೂ ಕಳಿಸಿದ್ದು ನನ್ನ ತಪ್ಪು. ಕ್ಷಮಿಸಿ. ಕೆಳಗೆ ಸಹಿ ಮಾಡಿದೆ. ಎರಡೂ ಕೈಯಲ್ಲಿ ಹಿಡಿದು ಅವರ ಹಾಗೆಯೇ ಬಗ್ಗಿ ಕೊಟ್ಟೆ.

"ಇದು ನಂದು," ಎಂದೆ. "ಆ ಬಾಗ್ಲು ನಂದಲ್ಲ."

ಮೂರನೇ ದಿನ

ಓಕಾವಾ ಟ್ರಾಮಿನಲ್ಲಿ ಬಂದರು. ಎಪ್ಪತ್ತಾರು ವರ್ಷ. ಜೀವನವಿಡೀ ಆ ಊರಿನ ಟ್ರಾಮು ಓಡಿಸಿ ನಿವೃತ್ತರಾದವರು. ಕಂಬಿಯ ಮೇಲೆ ಒಂದೇ ದಾರಿಯಲ್ಲಿ ಹೋಗಿ ಬಂದು ಸಾಕಾಗಿ, ತಮಗೆ ಬೇಕೆಂದ ಕಡೆ ತಿರುಗಿಸಬಹುದಾದ ಕಾರು ಬೇಕಿತ್ತು ಎಂದು ನಮಗೆ ಪರಿಚಯ ಹೇಳಿಕೊಂಡ ಮೊದಲ ಮಾತಿನಲ್ಲೇ ಹೇಳಿ ನಕ್ಕರು. ಆಮೇಲೆ ಬಾಗಿಲ ವಿಚಾರ ಏನಾಯಿತು ಎಂದು ಕೇಳಿದರು.

ಎಲ್ಲರೂ ಮೊರಿತಾರನ್ನು ನೋಡಿದೆವು. ಅವರ ಕೈಗಳು ಎರಡೂ ಪಕ್ಕದಲ್ಲಿ ನೆಟ್ಟಗೆ ಇಳಿಬಿದ್ದಿದ್ದವು. ಸೊಂಟದಿಂದ ಬಗ್ಗಿದರು. ಮೊದಲ ದಿನದ ಹತ್ತಾರು ಕ್ಷಮೆಗಳ ಹಾಗಿರಲಿಲ್ಲ ಇದು. ಏಳಲೇ ಇಲ್ಲ. ಬಗ್ಗಿಕೊಂಡೇ ಹೇಳಿದರು. ಬಿನೋದ್ ನಮಗೆ ತಿಳಿಸಲಿಲ್ಲ, ತಿಳಿಸಬೇಕಾಗಿಯೂ ಇರಲಿಲ್ಲ.

ಓಕಾವಾ ದನಿ ಎತ್ತಲಿಲ್ಲ. ಭಾಯಿಯ ಮುಂದೆ ಬಂದು ಕೈ ಚಾಚಿದರು. ಭಾಯ್ ಆಯಸ್ಕಾಂತ ಕೊಟ್ಟರು. ಮುದುಕರು ಕಾರಿನ ಸುತ್ತ ಒಂದೊಂದೇ ಗೇಣು ಸರಿಯುತ್ತ, ಬಾನೆಟ್ಟು, ಬಾಗಿಲು, ಚಾವಣಿ, ಡಿಕ್ಕಿ, ಎಲ್ಲ ಕಡೆ ಹಿಡಿದು ನೋಡಿದರು. ಒಂದು ಗಂಟೆಯಾದರೂ ಆಗಿರಬೇಕು. ನಾವೆಲ್ಲ ನಿಂತೇ ಇದ್ದೆವು. ಬಲಗಡೆಯ ಕಂಬವೊಂದನ್ನು ಬಿಟ್ಟು ಬೇರೆಲ್ಲೂ ಅದು ಬೀಳಲಿಲ್ಲ. ಕೊನೆಗೆ ಮೊರಿತಾರಿಗೆ ಎರಡು ಮಾತು ಹೇಳಿದರು. ಭಾಯ್ ನನ್ನ ಕಿವಿಯಲ್ಲಿ ಹೇಳಿದರು, "ಕಂಬ ಕುಯ್ದು ನೆಟ್ಟಗೆ ಮಾಡು, ಕಾಯ್ತೀನಿ ಅಂದ್ರು. ಇನ್ಮ್ಯಾಲೆ ಕಾಗ್ದ ಓದ್ಬ್ಯಾಡ, ಕಾರ್ ಓದು ಅಂದ್ರು."

ನನ್ನ ಕಡೆ ತಿರುಗಿ, ನಿಮ್ಮ ರಬ್ಬರು ಎಷ್ಟು ವರ್ಷ ಬಾಳುತ್ತದೆ ಎಂದು ಕೇಳಿದರು. ಬಿಸಿಲಿಗೆ ಬಿಡದಿದ್ದರೆ ಹದಿನೈದು ವರ್ಷಕ್ಕೆ ಮೋಸವಿಲ್ಲ ಎಂದೆ. ಬೆರಳು ಮಡಿಚಿ ಲೆಕ್ಕ ಹಾಕಿ, ತಮಗೆ ಅಷ್ಟು ಸಾಕು ಎಂದರು.

ಓಕಾವಾ ಅವರ ಮನೆಯಲ್ಲಿ

ಮಧ್ಯಾಹ್ನ ಬಿನೋದನನ್ನೂ ನಮ್ಮನ್ನೂ ಊಟಕ್ಕೆ ಕರೆದರು. ಹಲಾಲ್ ಮಾಂಸ ಸಿಗದೆ ಭಾಯ್ ಮೂರು ದಿನದಿಂದ ಮೀನು, ಅನ್ನ, ಬೇಯಿಸಿದ ಮೊಟ್ಟೆಯಲ್ಲೇ ಕಾಲ ಹಾಕುತ್ತಿದ್ದರು. ಓಕಾವಾರ ಹೆಂಡತಿ ಸುಟ್ಟ ಮೀನಿಟ್ಟರು. ನಾನು ಚಟ್ನಿಪುಡಿಯ ಪೊಟ್ಟಣ ಬಿಚ್ಚಿದೆ. ಆಕೆ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, ಚೆನ್ನಾಗಿದೆ ಚೆನ್ನಾಗಿದೆ ಎಂದು ತಲೆಯಾಡಿಸುತ್ತ ನೀರಿಗೆ ಓಡಿದರು.

ಗೋಡೆಯಲ್ಲಿ ಒಂದು ಹಳೇ ಫೋಟೋ. ಸಾಲಾಗಿ ನಿಂತ ಹೆಂಗಸರು, ಮುಂದೆ ಹಬೆಯಾಡುವ ಬೋಗುಣಿಗಳು. ಭಾಯ್ ಎದ್ದು ಹತ್ತಿರ ಹೋದರು. ಅವರಿಗೆ ಅನುವಾದ ಬೇಕಾಗಲಿಲ್ಲ. "ಅರೆ! ಇದು ನಮ್ ಕೆಲ್ಸ." ತೊಯೊಹಾಶಿಯೂ ಒಂದು ಕಾಲಕ್ಕೆ ರೇಷ್ಮೆ ನೂಲಿನ ಊರಂತೆ. ಎರಡು ಹುಳು ಸೇರಿ ಕಟ್ಟಿದ ಜೋಡಿಗೂಡಿನಿಂದ ನೂಲು ತೆಗೆಯುವುದಕ್ಕೆ ಹೆಸರಾಗಿತ್ತಂತೆ. ಓಕಾವಾರ ತಾಯಿ ಆ ಸಾಲಿನಲ್ಲಿ ಮೂರನೆಯವರು. ಭಾಯ್ ತಮ್ಮ ಬೆರಳ ತುದಿಗಳನ್ನು ಚಾಚಿ ತೋರಿಸಿದರು. ಹತ್ತು ವರ್ಷದವರಿದ್ದಾಗ ಕುದಿಯುವ ನೀರಿನಲ್ಲಿ ಗೂಡು ಹುಡುಕಿ ಬೆಂದ ಬಿಳೀ ಕಲೆಗಳು ಇನ್ನೂ ಇವೆ. ಓಕಾವಾ ಆ ಬೆರಳುಗಳನ್ನು ಹಿಡಿದುಕೊಂಡು ನೋಡಿದರು. ಆಮೇಲೆ ಏನೋ ನೆನಪಾಗಿ ಮೂಗು ಮುಚ್ಚಿಕೊಂಡರು. ಭಾಯ್ ಕೂಡ ಮುಚ್ಚಿಕೊಂಡರು. ಬೆಂದ ಹುಳುವಿನ ವಾಸನೆ. ಇಬ್ಬರು ಮುದುಕರು ಮೂಗು ಹಿಡಿದುಕೊಂಡು ನಗುವುದನ್ನು ನೋಡುತ್ತ ಬಿನೋದ್ ಮೊದಲ ಸಲ ನಕ್ಕ.

ಹಿಂದಿರುಗುವ ದಾರಿಯಲ್ಲಿ ಭಾಯಿಯ ಮೂಲಕ ಅವನನ್ನು ಕೇಳಿದೆ, ಹಳೇ ರಬ್ಬರು ತಂದು ಇಟ್ಟೆಯಲ್ಲ, ಕೆಲಸಕ್ಕೆ ಕುತ್ತು ಬಾರದೇ? ಬರಬಹುದು ಎಂದ. ಆ ಬಾಗಿಲನ್ನು ಬಿಚ್ಚಿ ಜೋಡಿಸಿದ್ದು ಅವನೇ. ಹದಿನೈದು ದಿನ ಅದನ್ನು ಮುಚ್ಚಲು ಹೆಣಗಾಡಿದ್ದನಂತೆ. ತನ್ನ ಕೈಯೇ ಸರಿಯಿಲ್ಲವೇನೋ ಎಂದು ಅನುಮಾನ ಬಂದುಬಿಟ್ಟಿತ್ತಂತೆ. "ತಪ್ಪು ನನ್ನ ಕೈಯದೋ ಕಾರಿನದೋ, ನನಗೂ ತಿಳಿಯಬೇಕಿತ್ತು ದೀದಿ," ಎಂದ.

ಮತ್ತೆ ರಾಮನಗರ

ಅಣ್ಣ ಸ್ಟೇಷನ್ನಿಗೇ ಬಂದಿದ್ದ. "ಏನಂದ್ರವ್ವ?" ಎಂದ. "ಏನೂ ಅನ್ನಲಿಲ್ಲ" ಎಂದೆ. ನಿಜವೂ ಅದೇ. ಬೀಳ್ಕೊಡುವಾಗ ಮೊರಿತಾ ಬಗ್ಗಿ ನಮಸ್ಕರಿಸಿದ್ದರು, ಅಷ್ಟೆ. ಮೂಲೆ ಕೆಟ್ಟ ಎರಡು ಜೊತೆಗೆ ಬದಲು ಹೊಸದು ಮಾಡಿ ಕಳಿಸಿದೆ. ಅದಕ್ಕಿಂತ ಮೊದಲು ಮಂಜುಳಳ ಹತ್ತಿರ ಹೋಗಿ, ಅವತ್ತು ನೀನು ಹೇಳಿದ್ದು ಸರಿ, ನಾನು ಹೇಳಿದ್ದು ತಪ್ಪು ಎಂದು ಎಲ್ಲರ ಮುಂದೆ ಹೇಳಿದೆ. ಅವಳು ಗಾಬರಿಯಾಗಿ ಪ್ರೆಸ್ಸನ್ನೇ ನಿಲ್ಲಿಸಿಬಿಟ್ಟಳು.

ಎರಡು ತಿಂಗಳಾದ ಮೇಲೆ ಓಕಾವಾರಿಂದ ಒಂದು ಸಣ್ಣ ವಿಡಿಯೋ ಬಂತು. ಹಸಿರು ಕಾರು, ಬಲಬಾಗಿಲು, ಅವರ ಕೈ. ಬಾಗಿಲು ಮೆತ್ತಗೆ ಕೂತಿತು. ನಮ್ಮದೇ ಬೀಡಿಂಗು, ಒಂದು ನೂಲೂ ಕೆತ್ತಿರಲಿಲ್ಲ. ಮರುದಿನ ಮೊರಿತಾರ ಪತ್ರವೂ ಬಂತು. ಕಂಬ ನೆಟ್ಟಗಾಯಿತು, ಬಾಗಿಲು ಮುಚ್ಚುತ್ತಿದೆ, ಸಹಕಾರಕ್ಕೆ ವಂದನೆ. ಅಷ್ಟೇ. ಹಳೇ ಪತ್ರದ ಮಾತೇ ಇಲ್ಲ.

ಎಲ್ಲರೂ ಇಷ್ಟಾಯಿತಲ್ಲ, ಬಿಡು ಎಂದರು. ನಾನು ಬಿಡಲಿಲ್ಲ. ಬರೆದೆ: "ಬಾಗಿಲು ಮುಚ್ಚಿದ್ದು ಕೇಳಿ ಸಂತೋಷ. ನಮ್ಮ ಬೀಡಿಂಗ್ ದಪ್ಪ ಎಂದು ನೀವು ಬರೆದ ಪತ್ರ ಇನ್ನೂ ನನ್ನ ಹತ್ತಿರ ಇದೆ. ನನ್ನ ತಪ್ಪನ್ನು ನಾನು ಬರೆದುಕೊಟ್ಟು ಬಂದೆ. ನಿಮ್ಮದನ್ನು ನೀವು ಬರೆದುಕೊಡಿ." ಅಣ್ಣ ತಲೆ ಚಚ್ಚಿಕೊಂಡ. ಭಾಯ್ ಮಾತ್ರ ನಾನು ಕಳಿಸುವವರೆಗೂ ಪಕ್ಕದಲ್ಲಿ ನಿಂತಿದ್ದರು.

ಮೂರು ವಾರ ಏನೂ ಬರಲಿಲ್ಲ. ಆಮೇಲೊಂದು ದಿನ ಅಂಚೆಯಲ್ಲಿ ಒಂದು ಲಕೋಟೆ ಬಂತು. ಮೊರಿತಾರ ಕೈಬರಹ, ಕೆಳಗೆ ಬಿನೋದ್ ಹಿಂದಿಯಲ್ಲಿ ಬರೆದದ್ದು. ಅವನ ಬರಹ ನೋಡಿ, ಅವನ ಕೆಲಸ ಉಳಿದಿದೆ ಎಂದು ಮೊದಲು ಸಮಾಧಾನವಾಯಿತು. ಪತ್ರದಲ್ಲಿ ಆರ್ಡರಿನ ಮಾತಿರಲಿಲ್ಲ. ಇಂದಿಗೂ ಮೊರಿತಾರಿಂದ ಆರ್ಡರು ಬಂದಿಲ್ಲ. ಓಕಾವಾರ ಗೆಳೆಯರಿಬ್ಬರು ಬರೆದಿದ್ದಾರೆ, ಅದರ ಕೆಲಸ ನಡೆದಿದೆ.

ನಾನು ಪ್ರೆಸ್ಸುಗಳನ್ನು ನಿಲ್ಲಿಸಿ, ಎಲ್ಲರನ್ನೂ ಕರೆದು, ಆ ಹಿಂದಿಯನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿದೆ.

"ನಿಮ್ಮ ಬೀಡಿಂಗ್ ಸರಿಯಾಗಿತ್ತು. ನನ್ನ ಕಾರು ವಾರೆಯಾಗಿತ್ತು. ಆ ಪತ್ರವನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ."

ಬಾಗಿಲ ಹತ್ತಿರ ನಿಂತಿದ್ದ ರಹಮತ್ ಭಾಯ್ ಕಿವಿಗೆ ಕೈ ಹಿಡಿದು ಬಗ್ಗಿದರು.

"ಕಂಪ್ರೆಸರ್ ಸದ್ದಿಗೆ ಏನೂ ಕೇಳಿಸ್ನಿಲ್ಲ ಜಯಮ್ಮ. ಇನ್ನೊಂದ್ಸಲ ಓದು."

ಕಂಪ್ರೆಸರ್ ಬೆಳಗಿನಿಂದ ಆಫಾಗಿತ್ತು. ನಾನು ಇನ್ನೊಂದು ಸಲ ಓದಿದೆ.